ಮುಖ ನೋಡಿ ಕೇಸು ಬರೆಯಬಾರದು

ನಾನು ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಅಕ್ಷತಾ ಕೂರುತ್ತಾಳೆ. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ, ತಾಯಿಯ ಊರು ಕಾಪು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ತುಳುವಿನಲ್ಲಿ ಕೇಳಿದರೆ ಮರಾಠಿಯಲ್ಲಿ. ಕೆಲಸಕ್ಕೆ ಸೇರಿದ ಮೊದಲ ವಾರವೇ ಫೋನ್ ಮಾಡಿ, "ಆಂಟಿ, ಫಸ್ಟ್ ಟೈಮ್ ಆನೇವಾಲೋಂ ಕೋ ಕ್ಯಾ ಕ್ಯಾ ಬೋಲನಾ ಹೈ, ಜರಾ ಲಿಖ್ ಕೆ ದೋ ನಾ" ಅಂದಳು. ಮೊದಲ ಸಲ ಬರುವವರಿಗೆ ಏನೇನು ಹೇಳಬೇಕು ಎಂಬುದು ಅರ್ಧ ಪುಟದ ವಿಷಯ. ಸರಿ ಎಂದು ಬರೆಯಲು ಕೂತೆ. ನಾಲ್ಕನೆಯ ದಿನ ನೋಡಿದರೆ ನೋಟ್‌ಬುಕ್ಕು ಮುಕ್ಕಾಲು ಭಾಗ ತುಂಬಿತ್ತು, ಆ ಅರ್ಧ ಪುಟ ಮಾತ್ರ ಇನ್ನೂ ಬಂದಿರಲಿಲ್ಲ. ಅದೂ ಕನ್ನಡದಲ್ಲಿ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ತಾಯಿ ಓದಿ ಹೇಳಲಿ.

ಮುಂಬೈ ಹತ್ತಿರದ ಠಾಣೆ ಎಂಬ ಊರಿನ ರೈಲ್ವೆ ಸ್ಟೇಷನ್ನಿನ ಪಕ್ಕದ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ಒಬ್ಬ ಪ್ಲಾಸ್ಟಿಕ್ ಸರ್ಜನ್ನರ ಕ್ಲಿನಿಕ್ಕು. ಅವರ ಹೊರಕೋಣೆಯಲ್ಲಿ ನಾನು ಇಪ್ಪತ್ತೆಂಟು ವರ್ಷ ಕೂತಿದ್ದೆ. ಅವರನ್ನು ನಾವೆಲ್ಲ "ಸರ್" ಎಂದಷ್ಟೇ ಕರೆಯುತ್ತಿದ್ದೆವು, ಇಲ್ಲಿಯೂ ಹಾಗೇ ಇರಲಿ. ಫೋನ್ ಎತ್ತುವುದು, ಹೊಸಬರ ಫಾರ್ಮು ತುಂಬುವುದು, ಫೋಟೋ ತೆಗೆಯುವುದು, ಒಳಗೆ ಕಳಿಸುವುದು ನನ್ನ ಕೆಲಸ. ನಾನು ಅಲ್ಲಿ ಕೆಲಸ ಮಾಡುತ್ತೇನೆಂದು ಗೊತ್ತಾದ ಕೂಡಲೇ ನಮ್ಮ ಬಿಲ್ಡಿಂಗಿನ ಹೆಂಗಸರು ನನ್ನ ಮುಖವನ್ನು ಪರೀಕ್ಷೆ ಮಾಡುತ್ತಿದ್ದರು. "ನೀವು ಏನೂ ಮಾಡಿಸಿಕೊಂಡ ಹಾಗೆ ಕಾಣುವುದಿಲ್ಲವಲ್ಲ" ಎಂದು ಒಬ್ಬರು ಬೇಸರದಿಂದಲೇ ಹೇಳಿದ್ದರು. ಜನ ತಿಳಿದಿರುವಂತೆ ಅದು ಬರೀ ಚಂದ ಮಾಡುವ ಅಂಗಡಿಯಲ್ಲ. ಕುಕ್ಕರ್ ಸಿಡಿದು ಸುಟ್ಟವರು, ತುಟಿ ಸೀಳಿಕೊಂಡು ಹುಟ್ಟಿದ ಕೂಸುಗಳು, ಮಿಷನ್ನಿಗೆ ಬೆರಳು ಕೊಟ್ಟವರು ಬರುತ್ತಿದ್ದರು. ಮೂಗು ಸರಿಮಾಡಿಸಿಕೊಳ್ಳಲು ಬರುವವರೂ ಅದೇ ಬೆಂಚಿನಲ್ಲಿ, ಅವರ ಪಕ್ಕದಲ್ಲೇ ಕೂರಬೇಕಾಗಿತ್ತು.

ಸೇರಿದ ಎರಡನೆಯ ದಿನ ಕಲ್ಯಾಣದ ಒಬ್ಬ ಶಾಲಾ ಶಿಕ್ಷಕಿ ಬಂದರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಹೆಗಲಿಗೆ ಚೀಲ. ಅವರ ಮೂಗು ಸ್ವಲ್ಪ ಮುಂದೆಯೇ ಇತ್ತು ಅನ್ನಿ. ಫಾರ್ಮಿನಲ್ಲಿ "ತೊಂದರೆ ಇರುವ ಭಾಗ" ಎಂದು ಒಂದು ಕಾಲಂ ಇತ್ತು. ಇಷ್ಟು ಸ್ಪಷ್ಟವಾಗಿ ಕಾಣುವುದನ್ನು ಕೇಳಿ ಅವರಿಗೆ ಮುಜುಗರ ಮಾಡುವುದೇಕೆ ಎಂದು ನಾನೇ "ಮೂಗು" ಎಂದು ಬರೆದು ಒಳಗೆ ಕಳಿಸಿದೆ. ಸರ್ ಫಾರ್ಮು ನೋಡಿದವರೇ ಎದ್ದು ಬಂದು ಅವರ ಮೂಗನ್ನು ಎಡದಿಂದ ನೋಡಿದರು, ಬಲದಿಂದ ನೋಡಿದರು, ಕತ್ತು ಎತ್ತಿಸಿ ಕೆಳಗಿನಿಂದಲೂ ನೋಡಿದರು. ಪೆನ್ಸಿಲ್ ತೆಗೆದು ಚಿತ್ರ ಬಿಡಿಸಿದರು. ಶಿಕ್ಷಕಿ ಇದೆಲ್ಲ ಇಲ್ಲಿಯ ಪದ್ಧತಿಯಿರಬೇಕೆಂದು ಸುಮ್ಮನಿದ್ದವರು ಕೊನೆಗೆ ಸೆರಗಿನಡಿಯಿಂದ ಕೈ ಹೊರಗೆ ತೆಗೆದು, "ಡಾಕ್ಟರ್, ಎಣ್ಣೆ ಬಿದ್ದು ಸುಟ್ಟದ್ದು ಕೈ" ಅಂದರು.

ಕೈಯ ಗಾಯಕ್ಕೆ ಔಷಧಿ ಬರೆಸಿಕೊಂಡು ಹೋದರು. ನಾನು ಬಚಾವಾದೆ ಅಂದುಕೊಂಡೆ. ಒಂದು ತಿಂಗಳು ಬಿಟ್ಟು ಅವರು ಮತ್ತೆ ಬಂದು ನನ್ನ ಮೇಜಿನ ಮುಂದೆ ನಿಂತರು.

"ಕೈ ವಾಸಿಯಾಯಿತಾ ಮೇಡಂ?" ಎಂದೆ.

"ಕೈ ವಾಸಿಯಾಯಿತು. ಈಗ ಮೂಗು" ಅಂದರು. "ನಲವತ್ತೆರಡು ವರ್ಷ ನನಗೆ ಮೂಗಿದೆ ಎಂದೇ ನೆನಪಿರಲಿಲ್ಲ. ಆವತ್ತಿನಿಂದ ಕನ್ನಡಿ ಮುಂದೆ ನಿಂತರೆ ಅದೊಂದೇ ಕಾಣುತ್ತದೆ. ಬೋರ್ಡಿನ ಕಡೆ ತಿರುಗಿ ಬರೆಯುವಾಗ ಮಕ್ಕಳಿಗೆ ನನ್ನ ಮೂಗೇ ಕಾಣುತ್ತಿರುತ್ತದಲ್ಲ ಅನ್ನಿಸುತ್ತದೆ."

ಸರ್ ನನ್ನನ್ನೂ ಒಳಗೆ ಕರೆದರು. ಅವರು ಸಣಕಲು ದೇಹದ, ಬೇಗ ಸಿಟ್ಟಾಗುವ ಮನುಷ್ಯ. ಸಿಟ್ಟು ಬಂದರೆ ಸ್ವರ ಏರುವುದಿಲ್ಲ, ಇಳಿಯುತ್ತದೆ. ತೀರಾ ಇಳಿದ ಸ್ವರದಲ್ಲಿ ಶಿಕ್ಷಕಿಗೆ ಹೇಳಿದರು: "ನಿಮ್ಮ ಮೂಗಿನಲ್ಲಿ ದೋಷವಿಲ್ಲ. ದೋಷ ನನ್ನ ರಿಸೆಪ್ಷನ್ನಿನಲ್ಲಿದೆ. ಇವರು ಹೊಸಬರು, ಕ್ಷಮೆ ಕೇಳುತ್ತಾರೆ." ಕೇಳಿದೆ. ಅರ್ಧ ಗಂಟೆ ಮಾತಾಡಿ ಸರ್ ಅವರನ್ನು ಹಾಗೇ ಕಳಿಸಿದರು. ಆಮೇಲೆ ನನಗೆ, "ಕಾಯಿಲೆ ಗುಣಮಾಡುವುದು ನನ್ನ ಕೆಲಸ ವಾರಿಜಾ. ನೀನು ಹೊಸ ಕಾಯಿಲೆ ಕೊಡಬೇಡ" ಅಂದರು. ಆವತ್ತಿನಿಂದ ಮೂಗು ಎರಡು ಇದ್ದವರು ಬಂದರೂ ಪೆನ್ನು ಕೆಳಗಿಟ್ಟು "ಏನಕ್ಕೆ ಬಂದಿರಿ?" ಎಂದು ಕೇಳಿ, ಅವರೇ ಹೇಳುವವರೆಗೆ ಕಾಯುವುದನ್ನು ಕಲಿತೆ.

ಕೇಳುವುದರಲ್ಲೂ ವಿಧಾನ ಬೇಕು. ಹೊಗೆ, ತಂಬಾಕು ಇದ್ದವರಿಗೆ ಹೊಲಿಗೆ ಬೇಗ ಕೂಡಿಕೊಳ್ಳುವುದಿಲ್ಲ, ಕಸಿ ಮಾಡಿದ ಚರ್ಮ ಸತ್ತು ಕಪ್ಪಾಗಿಬಿಡಬಹುದು. ಅದಕ್ಕೆ ಮೊದಲ ಭೇಟಿಯಲ್ಲೇ ವಿಚಾರಿಸಬೇಕು. ದಿವಾ ಎಂಬ ಊರಿನ ಒಬ್ಬ ಅಜ್ಜನಿಗೆ "ತಂಬಾಕು ಇದೆಯಾ?" ಎಂದು ಕೇಳಿದೆ. ಅಜ್ಜ ಬಹಳ ಖುಷಿಯಿಂದ ಜೇಬಿನಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ನನ್ನ ಮುಂದೆ ಹಿಡಿದು, "ಸುಣ್ಣ ಜಾಸ್ತಿ ಬೇಕಾ, ಕಮ್ಮಿ ಬೇಕಾ?" ಅಂದ. ಹೆಂಗಸರು ಇನ್ನೂ ಕಷ್ಟ. "ಛೆ ಛೆ, ನಾವು ಅದನ್ನೆಲ್ಲ ಮುಟ್ಟುವವರಲ್ಲ" ಅನ್ನುತ್ತಾರೆ. ಬೆಳಿಗ್ಗೆ ಹಲ್ಲುಜ್ಜುವ ಮಿಶ್ರಿ ಎಂಬ ಕಪ್ಪು ಪುಡಿ ಹುರಿದ ತಂಬಾಕೇ ಎಂಬುದು ಅವರ ಲೆಕ್ಕಕ್ಕಿಲ್ಲ. ಅದನ್ನು ಬೇರೆಯಾಗಿಯೇ, ಹಲ್ಲಿನ ಸುದ್ದಿ ತೆಗೆದು ಕೇಳಬೇಕು.

ಔಷಧಿಯ ವಿಷಯದಲ್ಲಿ ಮಾತ್ರ ನಗುವ ಹಾಗಿಲ್ಲ, ಆದರೂ ಭೋಜಣ್ಣನ ಕಥೆ ಬರೆಯುವಾಗ ನಗು ಬರುತ್ತದೆ. ಭೋಜಣ್ಣ ಘೋಡಬಂದರ್ ರಸ್ತೆಯಲ್ಲಿ ಹೋಟೆಲು ಇಟ್ಟವರು, ಕರಾವಳಿಯ ನಮ್ಮ ಕಡೆಯವರೇ. ಒಂದು ಬೆಳಿಗ್ಗೆ ಹತ್ತು ಗಂಟೆಗೆ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದರು. ನನ್ನನ್ನು ನೋಡಿ ಗುರುತು ಸಿಕ್ಕಿ, ವಾಪಸು ಹೋಗುವುದೋ ಒಳಗೆ ಬರುವುದೋ ತಿಳಿಯದೆ ಬಾಗಿಲಲ್ಲೇ ನಿಂತುಬಿಟ್ಟರು.

"ಬನ್ನಿ ಭೋಜಣ್ಣ, ಕೂತುಕೊಳ್ಳಿ" ಎಂದೆ.

"ಇದು ನನಗೆ ಅಲ್ಲ ವಾರಿಜಕ್ಕ. ನನ್ನ ಒಬ್ಬ ಫ್ರೆಂಡಿಗೆ. ಅವನಿಗೆ ಕಣ್ಣಿನ ಅಡಿಯಲ್ಲಿ ಸಣ್ಣ ಚೀಲದ ಹಾಗೆ ಆಗಿದೆ. ಮಗಳ ಮದುವೆ ಉಂಟು. ಫೋಟೋದಲ್ಲಿ ಅದೇ ಬರ್ತದೆ ಅಂತ ಅವನಿಗೆ ಮಂಡೆಬಿಸಿ."

"ಫ್ರೆಂಡ್ ಎಲ್ಲಿ?"

"ಅವನಿಗೆ ನಾಚಿಕೆ. ಅದಕ್ಕೆ ನನ್ನನ್ನು ಕಳಿಸಿದ್ದು."

ಅವರ ಕಣ್ಣಿನ ಅಡಿಯ ಚೀಲಗಳು ಕರವಸ್ತ್ರದ ಮೇಲೆ ಎದ್ದು ಕಾಣುತ್ತಿದ್ದವು. ನಾನು ಶಿಕ್ಷಕಿಯ ಪಾಠ ನೆನೆದು ಏನೂ ಹೇಳಲಿಲ್ಲ. "ಆಗಲಿ, ಫ್ರೆಂಡಿನ ವಿಷಯವನ್ನೇ ಹೇಳಿ" ಎಂದು ಫಾರ್ಮು ತೆಗೆದೆ. ವಯಸ್ಸು ಹೇಳಿದರು. ಬೀಪಿ ಇಲ್ಲ, ಸಕ್ಕರೆ ಇಲ್ಲ, ಯಾವ ಮಾತ್ರೆಯೂ ಇಲ್ಲ. "ಜನ ಗಟ್ಟಿ ಉಂಟು ವಾರಿಜಕ್ಕ, ಆಸ್ಪತ್ರೆಯ ಮುಖ ನೋಡಿದವನೇ ಅಲ್ಲ." ಹೀಗೆ ಫ್ರೆಂಡಿನ ಆರೋಗ್ಯವನ್ನು ಹೊಗಳುತ್ತಿರುವಾಗ ಭೋಜಣ್ಣನ ಫೋನು ಹೊಡೆದುಕೊಂಡಿತು. ಗಡಿಬಿಡಿಯಲ್ಲಿ ಸ್ಪೀಕರಿನ ಗುಂಡಿ ಒತ್ತಿದರು. ಅವರ ಹೆಂಡತಿಯ ಸ್ವರ ಇಡೀ ಕೋಣೆಗೆ ಕೇಳಿಸಿತು.

"ಎಲ್ಲಿದ್ದೀರಿ?"

"ವಾಶಿಯಲ್ಲಿ. ತರಕಾರಿ ಮಾರ್ಕೆಟ್ಟಿನಲ್ಲಿ."

ಅದೇ ಹೊತ್ತಿಗೆ ಕಿಟಕಿಯಾಚೆ ಸ್ಟೇಷನ್ನಿನ ಧ್ವನಿವರ್ಧಕ, ಕಲ್ಯಾಣಕ್ಕೆ ಹೋಗುವ ನಿಧಾನ ಲೋಕಲ್ ಪ್ಲಾಟ್‌ಫಾರ್ಮಿಗೆ ಬರುತ್ತಿದೆ ಎಂದು ಮೂರು ಭಾಷೆಯಲ್ಲಿ ಸಾರಿತು.

"ವಾಶಿಗೆ ಕಲ್ಯಾಣದ ಗಾಡಿ ಯಾವಾಗಿನಿಂದ ಬರುವುದು?" ಎಂದು ಹೆಂಡತಿ ಕೇಳಿದರು. "ಎಲ್ಲಿಗಾದರೂ ಹೋಗಿ. ಆ ರಕ್ತ ತೆಳ್ಳಗಾಗುವ ಮಾತ್ರೆ ತೆಕ್ಕೊಂಡಿರಾ ಇಲ್ಲವಾ? ಡಬ್ಬಿಯಲ್ಲೇ ಉಂಟಲ್ಲ ಇವತ್ತಿನದ್ದು!"

ಬೆಂಚಿನಲ್ಲಿದ್ದ ಐದಾರು ಜನ ಒಟ್ಟಿಗೆ ಭೋಜಣ್ಣನ ಕಡೆ ತಿರುಗಿದರು. ಭೋಜಣ್ಣ ಕರವಸ್ತ್ರ ಬಿಚ್ಚಿ ಬೆವರು ಒರೆಸಿಕೊಂಡು, "ಬರೆಯಿರಿ ವಾರಿಜಕ್ಕ. ಎರಡು ವರ್ಷದ ಹಿಂದೆ ಹಾರ್ಟಿಗೆ ಸ್ಟೆಂಟ್ ಹಾಕಿದ್ದಾರೆ" ಅಂದರು. ಅಲ್ಲಿಗೆ ಫ್ರೆಂಡ್ ತೀರಿಕೊಂಡ.

ಆ ಫೋನು ಬಾರದೇ ಇದ್ದರೆ? ಮುಂದೆ ಯಾರಾದರೂ ವಿಚಾರಿಸಿ ಪತ್ತೆ ಮಾಡುತ್ತಿದ್ದರೇನೋ. ಆದರೆ ಕಣ್ಣಿನ ಹತ್ತಿರ ಕತ್ತರಿ ಇಟ್ಟ ಮೇಲೆ ರಕ್ತ ನಿಲ್ಲದಿದ್ದರೆ ದೃಷ್ಟಿಗೇ ಅಪಾಯ. ಸರ್, ಭೋಜಣ್ಣನ ಹೃದಯದ ಡಾಕ್ಟರಿಗೆ ಪತ್ರ ಬರೆದು ಕೇಳಿದರು. ಚೀಲದ ಸಲುವಾಗಿ ಮಾತ್ರೆ ನಿಲ್ಲಿಸುವುದು ಬೇಡ ಎಂದು ಉತ್ತರ ಬಂತು. ಭೋಜಣ್ಣ ಚೀಲ ಸಮೇತವೇ ಮಗಳ ಮದುವೆ ಮಾಡಿದರು. ನಾನೂ ಊಟಕ್ಕೆ ಹೋಗಿದ್ದೆ. ಅವರ ಹೆಂಡತಿ ನನ್ನ ಎಲೆಗೆ ಎರಡನೆಯ ಹೋಳಿಗೆ ಹಾಕುತ್ತಾ, "ಚಂದ ಕಾಣದಿದ್ದರೂ ಅಡ್ಡಿ ಇಲ್ಲ ವಾರಿಜಕ್ಕ, ಕಾಣಲಿಕ್ಕೆ ಜನ ಇದ್ದರೆ ಸಾಕು" ಅಂದರು. ಅಕ್ಷತಾ, ಫೋನಿನಲ್ಲಿ ಅಪಾಯಿಂಟ್‌ಮೆಂಟ್ ಕೊಡುವಾಗಲೇ ಹೇಳು: ತಿನ್ನುವ ಎಲ್ಲ ಮಾತ್ರೆ, ಕಷಾಯ, ಪುಡಿ ಚೀಲದಲ್ಲಿ ಹಾಕಿ ತನ್ನಿ ಎಂದು. ಯಾವುದನ್ನೂ ಅವರಾಗಿಯೇ ನಿಲ್ಲಿಸಿ ಬರುವುದು ಬೇಡ ಎಂದೂ ಹೇಳು.

ಇನ್ನು ನನ್ನ ಅತಿ ದೊಡ್ಡ ತಪ್ಪಿನ ವಿಷಯ. ಇದನ್ನು ಬಿಟ್ಟುಬಿಡೋಣ ಎಂದು ಎರಡು ದಿನ ಯೋಚಿಸಿದೆ. ಆದರೆ ಮಿಕ್ಕವರ ತಪ್ಪು ಬರೆದು ನನ್ನದನ್ನು ಬಿಡುವುದು ಸರಿಯಲ್ಲ.

ಆಗ ಕ್ಯಾಮೆರಾಕ್ಕೆ ರೀಲು ಹಾಕುವ ಕಾಲ. ಮೊದಲ ಭೇಟಿಯಲ್ಲಿ ಪ್ರತಿಯೊಬ್ಬರ ಫೋಟೋವನ್ನು ಎದುರಿನಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು ತೆಗೆಯಬೇಕು. ಬೊಟ್ಟು, ಲಿಪ್‌ಸ್ಟಿಕ್, ನಗು ಯಾವುದೂ ಕೂಡದು. ರೀಲು ಮುಗಿದ ಮೇಲೆ ನಾನು ಮನೆಗೆ ಹೋಗುವ ದಾರಿಯಲ್ಲಿ ಡೊಂಬಿವಲಿಯ ಒಂದು ಸ್ಟುಡಿಯೋದಲ್ಲಿ ತೊಳೆಯಲು ಕೊಟ್ಟು, ಮಾರನೆಯ ದಿನ ಲಕೋಟೆ ತರುತ್ತಿದ್ದೆ. ಒಂದು ದಿನ ಗಾಡಿ ಹಿಡಿಯುವ ಅವಸರದಲ್ಲಿ ಲಕೋಟೆ ಬಿಚ್ಚಿ ನೋಡದೆ ಹಾಗೇ ತಂದೆ. ಕ್ಲಿನಿಕ್ಕಿನಲ್ಲಿ ಸರ್ ಬಿಚ್ಚಿದರು. ಮೊದಲ ಫೋಟೋದಲ್ಲಿ ಹಣೆಗೆ ಮುಂಡಾವಳಿ ಎಂಬ ಮುತ್ತಿನ ಸರ ಕಟ್ಟಿದ ಮದುಮಗ. ಎರಡನೆಯದರಲ್ಲಿ ಜಿಲೇಬಿ ತಟ್ಟೆ ಹಿಡಿದ ಭಾವಂದಿರು. ಹಾಗಾದರೆ ನಮ್ಮಲ್ಲಿಗೆ ಬಂದಿದ್ದ ಮೂವರು ಹೆಂಗಸರ ಒಂಬತ್ತು ಫೋಟೋ ಎಲ್ಲಿ?

ಸ್ಟುಡಿಯೋದವನಿಗೆ ಫೋನ್ ಮಾಡಿದರೆ, ಅವು ಕಲ್ಯಾಣದ ಮದುವೆ ಮನೆಗೆ ಹೋಗಿವೆ. ವಿಳಾಸ ಹಿಡಿದು ಮಧ್ಯಾಹ್ನದ ಬಿಸಿಲಲ್ಲಿ ಓಡಿದೆ. ದಾರಿಯುದ್ದಕ್ಕೂ ಕೆಲಸ ಹೋಯಿತು ಎಂದೇ ಲೆಕ್ಕ. ತಾನು ಇಂಥ ಡಾಕ್ಟರ ಬಳಿ ಹೋಗಿದ್ದೇನೆಂದು ಗಂಡನಿಗೂ ಹೇಳದವರಿರುತ್ತಾರೆ, ಅಂಥವರ ಮುಖ ಯಾರದೋ ಜಗಲಿಯಲ್ಲಿ ಕೈಯಿಂದ ಕೈಗೆ ಹೋಗುತ್ತಿರಬಹುದು. ಹೋಗಿ ನೋಡಿದರೆ ನಿಜಕ್ಕೂ ಹೋಗುತ್ತಿತ್ತು. ಆ ಮನೆಯ ಯಜಮಾನಿ ಚಾಪೆಯ ಮೇಲೆ ಒಂಬತ್ತೂ ಫೋಟೋಗಳನ್ನು ಸಾಲಾಗಿ ಹರಡಿಕೊಂಡು, ಕನ್ನಡಕ ಹಾಕಿ ನೋಡುತ್ತಿದ್ದರು. ಸುತ್ತ ನಾಲ್ಕು ಜನ ಹೆಂಗಸರು.

"ಬಾ ಬಾ, ನೀನೇ ಏನು ಸಂಬಂಧ ತಂದವಳು?" ಎಂದು ಮರಾಠಿಯಲ್ಲಿ ಕೇಳಿದರು. ದೊಡ್ಡ ಮಗನ ಮದುವೆ ನೋಡಿದ ಯಾರೋ ಚಿಕ್ಕ ಮಗನಿಗೆ ಹೆಣ್ಣುಗಳ ಫೋಟೋ ಕಳಿಸಿದ್ದಾರೆ ಎಂದು ಅವರು ತಿಳಿದಿದ್ದರು. "ಎಷ್ಟು ಪ್ರಾಮಾಣಿಕ ಜನ! ನಮಗೆ ಬಂದ ಎಲ್ಲ ಫೋಟೋದಲ್ಲೂ ಪೌಡರ್ ಹಾಕಿ, ಹೂವು ಮುಡಿದು ನಿಂತಿರುತ್ತಾರೆ. ಇವರು ನೋಡು, ಇದ್ದದ್ದು ಇದ್ದ ಹಾಗೆ, ಪಕ್ಕದಿಂದಲೂ ತೋರಿಸಿದ್ದಾರೆ. ಈ ಮೂರನೆಯವಳು ನಮಗೆ ಹಿಡಿಸಿದಳು."

"ಅವರಿಗೆ ಮದುವೆ ಆಗಿದೆ" ಎಂದೆ.

"ಹಾಗಾದರೆ ಈ ಮೊದಲನೆಯವಳು?"

"ಅವರಿಗೂ ಆಗಿದೆ. ಮೂವರಿಗೂ ಆಗಿದೆ."

"ಮತ್ತೆ ಪಕ್ಕದಿಂದ ಯಾಕೆ ತೆಗೆಸಿದ್ದು?"

"ಪಾಸ್‌ಪೋರ್ಟಿಗೆ" ಎಂದುಬಿಟ್ಟೆ.

"ಕಿವಿ ನೋಡಿ ಒಳಗೆ ಬಿಡುವ ದೇಶ ಯಾವುದಮ್ಮಾ?" ಎಂದರು ಯಜಮಾನಿ. ಅವರ ಲಕೋಟೆ ಕೊಟ್ಟು, ನಮ್ಮದನ್ನು ಎಣಿಸಿ ಚೀಲಕ್ಕೆ ತುಂಬಿಕೊಂಡು, ಕೊಟ್ಟ ಚಹಾ ಕುಡಿಯದೆ ಎದ್ದುಬಂದೆ.

ಸರ್ ಏನೂ ಬೈಯಲಿಲ್ಲ. ಮೂವರಿಗೂ ತಾವೇ ಫೋನ್ ಮಾಡಿ ಆದದ್ದನ್ನು ಹೇಳಿದರು. "ಹೇಳದಿದ್ದರೆ ಅವರಿಗೆ ಗೊತ್ತೇ ಆಗುವುದಿಲ್ಲ ಸರ್" ಎಂದು ನಾನು ಮೆಲ್ಲಗೆ ಅಂದಾಗ, "ನನಗೆ ಗೊತ್ತಲ್ಲ" ಅಂದರು. ಒಬ್ಬರು ನಕ್ಕರು. ಒಬ್ಬರು ಮಧ್ಯದಲ್ಲೇ ಫೋನಿಟ್ಟರು. ಮೂರನೆಯವರು ಅತ್ತರು, ಮತ್ತೆ ಬರಲೇ ಇಲ್ಲ. ಕಲ್ಯಾಣದ ಮನೆಗೆ ಹಿಡಿಸಿದ್ದು ಅವರ ಮುಖವೇ ಎಂದು ಹೇಳಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಹೇಳುವ ಅಧಿಕಾರ ನನಗಿರಲಿಲ್ಲ. ಆ ವಾರದಿಂದ ಫೋಟೋ ತೊಳೆಯುವ ಕೆಲಸ ಬೇರೆ ಕಡೆಗೆ ಹೋಯಿತು, ಬೀಗದ ಕಪಾಟು ಬಂತು. ತೆಗೆಯುವ ಮೊದಲು ಸಹಿ ಹಾಕಿಸಿಕೊಳ್ಳುವ ಕಾಗದವೂ ಬಂತು.

ಈಗ ರೀಲೂ ಇಲ್ಲ, ಸ್ಟುಡಿಯೋವೂ ಇಲ್ಲ. ರೋಗಿಗಳೇ ಫೋಟೋ ತರುತ್ತಾರೆ. ಮೊದಲೆಲ್ಲ ಸಿನಿಮಾ ನಟಿಯರ ಚಿತ್ರ ಕತ್ತರಿಸಿ ತರುತ್ತಿದ್ದರು. ಈಚೆಗೆ ಖಾರಘರದ ಒಬ್ಬ ಕಾಲೇಜು ಹುಡುಗಿ ತಾಯಿಯ ಜೊತೆ ಬಂದು, ಮೊಬೈಲಿನಲ್ಲಿ ಒಂದು ಮುಖ ತೋರಿಸಿ, "ಐಸಾ ಚಾಹಿಯೇ" ಅಂದಳು. ಕಣ್ಣು ಇಷ್ಟಗಲ, ಗದ್ದ ಇಷ್ಟೇ ಇಷ್ಟು, ಚರ್ಮ ಹೊಸ ಸ್ಟೀಲು ಪಾತ್ರೆಯ ಹಾಗೆ. ಸರ್ ಕನ್ನಡಕ ಸರಿಮಾಡಿಕೊಂಡು, "ಯಾರು ಇವಳು?" ಎಂದರು.

"ಮೈ ಹೂಂ."

ತಾಯಿ ಬೆಂಗಳೂರಿನ ಕಡೆಯವರು. "ಇವಳದ್ದೇ ಸೆಲ್ಫಿ ಡಾಕ್ಟರೇ, ಫಿಲ್ಟರ್ ಹಾಕಿದಾಳೆ. ಹೆತ್ತವಳು ನಾನು, ನಂಗೇ ಗುರುತು ಸಿಗಲಿಲ್ಲ. ಯಾರೋ ಫ್ರೆಂಡ್ ಇರಬೇಕು ಅಂದ್ಕೊಂಡು, ಊಟಕ್ಕೆ ಕರ್ಕೊಂಡು ಬಾ ಅಂದಿದ್ದೆ" ಅಂದರು. ನಾನು ಅದನ್ನು ಸರ್‌ಗೆ ಮರಾಠಿಯಲ್ಲಿ ಹೇಳಿದೆ. ಹುಡುಗಿಗೂ ನಗು ತಡೆಯಲಾಗಲಿಲ್ಲ. ಸರ್ ಎಂದಿನ ಹಾಗೆ ಕೈಗನ್ನಡಿ ಕೊಟ್ಟು, "ನಿನಗೆ ಏನು ಕಾಣುತ್ತದೆ, ಬೆರಳಿಟ್ಟು ತೋರಿಸು" ಅಂದರು. ಅವಳು ಬೆರಳು ಹಿಡಿದು ಹುಡುಕಿದಳು, ಹುಡುಕಿದಳು. ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ಆರು ತಿಂಗಳು ಬಿಟ್ಟು, ಆಗಲೂ ಬೇಕೆನ್ನಿಸಿದರೆ ಬಾ ಎಂದು ಕಳಿಸಿದರು. ಅವಳು ಬರಲಿಲ್ಲ. ಬಾರದೇ ಇದ್ದವರ ವಿಷಯದಲ್ಲಿ ಸಂತೋಷಪಡುವ ಡಾಕ್ಟರನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಆ ಕೈಗನ್ನಡಿಯೂ ಉಪಯೋಗಕ್ಕೆ ಬಾರದ ಒಂದು ಸಂದರ್ಭ, ನಾನು ಕೆಲಸ ಬಿಡುವುದಕ್ಕೆ ಎರಡು ವರ್ಷ ಮೊದಲು ಬಂತು.

ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲಾರಿಗೆ ಸರಳು ತುಂಬುವ ಬಸವರಾಜ, ಅವನ ಹೆಂಡತಿ ಶರಣಮ್ಮ. ಇಬ್ಬರೂ ಕಲಬುರಗಿಯ ಕಡೆಯವರು. ಬಸವರಾಜ ಬಾಗಿಲಿನ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಶರಣಮ್ಮ ಅವನ ಎದೆಯಷ್ಟು. ನಾಲ್ಕು ವರ್ಷದ ಹಿಂದೆ ಸ್ಟೋವು ಉರಿದು ಅವಳ ಎಡಗೆನ್ನೆ, ಕುತ್ತಿಗೆ ಸುಟ್ಟಿತ್ತು. ಗಾಯ ಮಾಯುವಾಗ ಚರ್ಮ ಹಗ್ಗದ ಹಾಗೆ ಬಿಗಿದು, ಗದ್ದವನ್ನು ಎದೆಗೆ ಎಳೆದು ಕಟ್ಟಿಬಿಟ್ಟಿತ್ತು. ತಲೆ ಎತ್ತಲು ಆಗುತ್ತಿರಲಿಲ್ಲ.

ಸರ್‌ಗೆ ಕನ್ನಡ ಬಾರದು, ಬಸವರಾಜನಿಗೆ ಹಿಂದಿ ಅಷ್ಟಕ್ಕಷ್ಟೆ. ದುಭಾಷಿಯಾಗಿ ನಾನು ಒಳಗೆ ಹೋದೆ.

"ಮಾರಿ ಚೊಲೊ ಮಾಡಿ ಕೊಡ್ರಿ ಸಾಹೇಬ್ರ" ಅಂದ ಬಸವರಾಜ.

ನಮ್ಮ ಊರಿನಲ್ಲಿ ಮಾರಿ ಅಂದರೆ ಮಾರಿಯಮ್ಮ. ಹರಕೆ ಏನೋ ಬಾಕಿಯಿದೆ ಅನ್ನುತ್ತಿದ್ದಾನೆ ಎಂದುಕೊಂಡು ನಾನು ಸರ್‌ಗೆ, "ಏನೋ ದೇವಿಯ ವಿಷಯ ಹೇಳುತ್ತಿದ್ದಾರೆ" ಎಂದು ಮರಾಠಿಯಲ್ಲಿ ಅಂದೆ. ಮರಾಠಿಯಲ್ಲಿ ಸಿಡುಬಿಗೂ ದೇವಿ ಎಂದೇ ಹೆಸರು. ಸರ್ ಶರಣಮ್ಮನ ಕೆನ್ನೆಯ ಹತ್ತಿರ ದೀಪ ಹಿಡಿದು ಕಲೆ ಹುಡುಕಿ, "ಸಿಡುಬು ಎಲ್ಲಿಂದ ಬಂತು? ಇದು ಸುಟ್ಟ ಗಾಯ, ಕುರುಡನಿಗೂ ಗೊತ್ತಾಗುತ್ತದೆ" ಅಂದರು. ಬಸವರಾಜ ತನ್ನ ಮುಖವನ್ನೇ ಎರಡು ಕೈಯಿಂದ ತಟ್ಟಿ, "ಮಾರಿ, ಮಾರಿ!" ಎಂದ ಮೇಲೆ ನನಗೆ ಬೆಳಕಾಯಿತು. ಎಲ್ಲರೂ ನಕ್ಕೆವು, ಶರಣಮ್ಮ ಒಬ್ಬಳನ್ನು ಬಿಟ್ಟು. ಅವಳು ನಕ್ಕಿದ್ದರೂ ನಮಗೆ ಕಾಣುತ್ತಿರಲಿಲ್ಲ.

ಸರ್ ವಿವರಿಸಿದರು. ಮೊದಲು ಕುತ್ತಿಗೆಯ ಬಿಗಿತ ಬಿಡಿಸಬೇಕು, ತೊಡೆಯ ಚರ್ಮ ತೆಗೆದು ಅಲ್ಲಿ ಕಸಿ ಮಾಡಬೇಕು. ಕೆನ್ನೆಯ ಮಾತು ಆಮೇಲೆ. ನಾನು ಅದನ್ನು ಹೇಳಿದೆ. ಬಸವರಾಜ ಒಪ್ಪಲಿಲ್ಲ.

"ಕುತಗಿ ಸೆರಗಿನ್ಯಾಗ ಮುಚ್ಚತದ್ರಿ ಅಕ್ಕೋರ. ಮಂದಿ ನೋಡೂದು ಮಾರಿ. ಎಲ್ಲಾರೂ ಅಕಿನ್ನ ನೋಡಿ ಗುಸುಗುಸು ಮಾತಾಡ್ತಾರ. ಮೊದ್ಲ ಮಾರಿ ಮಾಡ್ರಿ."

ಸರ್ ಕೈಗನ್ನಡಿಯನ್ನು ಶರಣಮ್ಮನ ಮುಂದೆ ಹಿಡಿದು, ಎಲ್ಲಿ ಸರಿಯಾಗಬೇಕು ತೋರಿಸಮ್ಮ ಎಂದರು. ಅವಳು ಕನ್ನಡಿ ನೋಡಲಿಲ್ಲ. ಗಂಡ ನಿಂತ ಕಡೆಗೆ ಸ್ವಲ್ಪ ಹೊರಳಿ, ಕೆನ್ನೆಯ ಮೇಲೆ ಬೆರಳಿಟ್ಟಳು. ಕುತ್ತಿಗೆ ಬಿಡಿಸದೆ ಕೆನ್ನೆಗೆ ಕೈ ಹಾಕುವುದಿಲ್ಲ ಎಂದು ಸರ್ ಖಂಡಿತವಾಗಿ ಹೇಳಿದರು. "ಹಂಗಾರ ವಿಚಾರ ಮಾಡಿ ಬರ್ತೀವ್ರಿ" ಎಂದು ಬಸವರಾಜ ಹೊರಟ.

ವಿಚಾರ ಮಾಡಿ ಬರುತ್ತೇವೆ ಎಂದವರು ಬರುವುದಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಕಲಿತಿದ್ದೆ. ಇಡೀ ಭೇಟಿಯಲ್ಲಿ ಶರಣಮ್ಮನ ಬಾಯಿಂದ ಒಂದು ಮಾತೂ ಬಂದಿರಲಿಲ್ಲ. ನಾನು ಬಸವರಾಜನ ಕೈಯಿಂದ ಹಳೆಯ ಆಸ್ಪತ್ರೆಯ ಕಾಗದಗಳನ್ನು ತೆಗೆದುಕೊಂಡು, "ಇವುಗಳ ಜೆರಾಕ್ಸ್ ಬೇಕು. ಕೆಳಗೆ ಅಂಗಡಿ ಉಂಟು, ಎರಡೆರಡು ಪ್ರತಿ ಮಾಡಿಸಿ ತನ್ನಿ" ಎಂದು ಕಳಿಸಿದೆ. ಜೆರಾಕ್ಸ್ ಏನೂ ಬೇಕಿರಲಿಲ್ಲ. ಆ ಅಂಗಡಿಯಲ್ಲಿ ಯಾವಾಗಲೂ ಸಾಲು ಇರುತ್ತದೆಂದು ನನಗೆ ಗೊತ್ತಿತ್ತು.

ಅವನು ಇಳಿದ ಮೇಲೆ ಶರಣಮ್ಮನ ಮುಂದೆ ತಗ್ಗು ಸ್ಟೂಲು ಎಳೆದುಕೊಂಡು ಕೂತೆ. "ಶರಣಮ್ಮ, ನಿಮಗೆ ಏನು ಆಗಬೇಕು?"

ಮೆಟ್ಟಿಲ ಮೇಲೆ ಗಂಡನ ಹೆಜ್ಜೆ ಸದ್ದು ಇಳಿದು ಹೋಗುವುದನ್ನು ಆಲಿಸಿದಳು. ಆಮೇಲೆ, "ನಂಗ ಮಾರಿ ಬ್ಯಾಡ್ರಿ ಅಕ್ಕೋರ. ಕುತಗಿ ಎತ್ತಾಕ ಬಂದ್ರ ಸಾಕು" ಅಂದಳು.

"ಮತ್ತೆ ಒಳಗೆ ಕೆನ್ನೆ ತೋರಿಸಿದಿರಲ್ಲ?"

"ಅವರಿಗಿ ಮಂದಿ ಚಿಂತಿ. ಮಂದಿ ನೋಡ್ತಾರ, ಮಂದಿ ನೋಡ್ತಾರ ಅಂತಾರ. ನಂಗ ಮಂದಿ ಕಾಣೂದೇ ಇಲ್ಲಲ್ರಿ! ಅವರ ಕಾಲಷ್ಟೇ ಕಾಣ್ತಾವ. ಬಜಾರಕ್ಕ ಹೋದ್ರ ಇವರ ಚಪ್ಪಲ್ ನೋಡ್ಕೋತ ಹಿಂದ ಹೋಗ್ತೀನಿ. ಒಮ್ಮಿ ಬ್ಯಾರೆಯವರ ಚಪ್ಪಲ್ ಹಿಂದ ಹೋಗಿ ಪನವೇಲ್ ಬಸ್ ಹತ್ತಾಕ್ಹತ್ತಿದ್ದೆ."

ನನಗೆ ನಗು ಬಂತು. ಅವಳಿಗೂ ಬಂತು. ಬಗ್ಗಿ ನೋಡಿದಾಗ ಈ ಸಲ ಕಂಡಿತು. ನಗು ನಿಂತ ಮೇಲೆ ಸ್ವರ ಸಣ್ಣ ಮಾಡಿ ಹೇಳಿದಳು: "ಅವರ ಮಾರಿ ಸರಿಯಾಗಿ ನೋಡಿ ನಾಕ ವರ್ಷ ಆತ್ರಿ. ನಿಂತ್ರ ಅಂಗಿ ಗುಂಡಿ ಕಾಣ್ತಾವ. ಕುಂತ್ರ ಕಾಣ್ತದ, ಖರೆ, ಅವರು ಕುಂಡ್ರೂದೇ ಎಲ್ಲಿ? ಬರ್ತಾರ, ಉಣ್ತಾರ, ಮಕ್ಕೋತಾರ."

"ಇದನ್ನು ಅವರಿಗೆ ಹೇಳಿದ್ದೀರಾ?"

"ಹ್ಯಾಂಗ ಹೇಳ್ಲಿರಿ, ನಾಚಿಕಿ ಬರ್ತದ."

ಬಸವರಾಜ ಜೆರಾಕ್ಸ್ ಹಿಡಿದು ಏದುಸಿರು ಬಿಡುತ್ತಾ ಬಂದ. ನಾನು ಅವನಿಗೆ, "ಶರಣಮ್ಮ ಏನೋ ಹೇಳಬೇಕಂತೆ, ಕೇಳಿ" ಎಂದು ಹೇಳಿ ನನ್ನ ಮೇಜಿಗೆ ಹೋಗಿ ಕಡತ ತಿರುವುವ ನಾಟಕ ಮಾಡಿದೆ. ಕಿವಿ ಮಾತ್ರ ಅಲ್ಲೇ ಇತ್ತು. ಅವಳು ಅವನ ಅಂಗಿಯ ಗುಂಡಿಗಳಿಗೆ ಹೇಳಿದಳು. ಮೊದಲ ಸಲ ಅವನಿಗೆ ಕೇಳಿಸಲಿಲ್ಲ. ಎರಡನೆಯ ಸಲ ಹೇಳಿದಳು.

ಬಸವರಾಜ ಜೆರಾಕ್ಸ್ ಕಟ್ಟನ್ನು ಬೆಂಚಿನ ಮೇಲಿಟ್ಟ. ಎಲ್ಲರ ಎದುರಿಗೇ, ಆ ಉದ್ದನೆಯ ದೇಹವನ್ನು ಮಡಚಿ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಅವಳ ಮುಖದ ಕೆಳಗೆ ತನ್ನ ಮುಖ ತಂದ.

"ಮೊದ್ಲ ಯಾಕ ಹೇಳ್ಲಿಲ್ಲ?"

"ನೀವು ಕೇಳ್ಲೇ ಇಲ್ಲ."

ಅವನು ಎದ್ದು, ನನ್ನನ್ನೂ ಕೇಳದೆ, ಸರ್ ಕೋಣೆಯ ಬಾಗಿಲು ತಳ್ಳಿಕೊಂಡು ಹೋಗಿ, "ಸಾಹೇಬ್ರ, ಪಹಿಲೇ ಕುತಗಿ!" ಅಂದ. ಒಳಗೆ ಬೇರೆ ರೋಗಿಯಿದ್ದರು. ಸರ್ ಸ್ವರ ಇಳಿಸಿ ನನ್ನ ಹೆಸರು ಕರೆದರು. ನಾನು ಹೋಗಿ ನಡೆದದ್ದನ್ನು ಹೇಳಿದೆ, ಜೆರಾಕ್ಸಿನ ಸುಳ್ಳನ್ನೂ ಸೇರಿಸಿ. ಸರ್ ಪೆನ್ಸಿಲ್ ಕೆಳಗಿಟ್ಟರು. "ಆಕೆಯನ್ನು ನಾನು ಕೇಳಿದೆ ಅಂದುಕೊಂಡಿದ್ದೆ. ಗಂಡನ ಎದುರಿಗೆ ಕೇಳಿದ್ದು ಕೇಳಿದ ಹಾಗಲ್ಲ" ಅಂದರು. ಅಂದಿನಿಂದ ಮೊದಲ ಭೇಟಿಯಲ್ಲಿ ಪ್ರತಿಯೊಬ್ಬರಿಗೂ ಐದು ನಿಮಿಷ ಒಬ್ಬರೇ ಕೂತು ಮಾತಾಡುವ ಅವಕಾಶ ಕೊಡಬೇಕೆಂದು ನಿಯಮ ಮಾಡಿದರು. ಅಕ್ಷತಾ, ಜೊತೆಗೆ ಬಂದವರು ಎಷ್ಟೇ ಗುರುಗುಟ್ಟಿದರೂ ಆ ಐದು ನಿಮಿಷ ಬಿಡಬೇಡ. ಹೊರಗೆ ಕಳಿಸಲು ನೆಪ ಸಿಗದಿದ್ದರೆ ಜೆರಾಕ್ಸ್ ಅಂಗಡಿ ಈಗಲೂ ಅಲ್ಲೇ ಇದೆ.

ಸರ್ ವಾರಕ್ಕೊಮ್ಮೆ ಹೋಗುತ್ತಿದ್ದ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಮೇಲೆ ತಿಂಗಳುಗಟ್ಟಲೆ ಕುತ್ತಿಗೆಗೆ ಗಟ್ಟಿ ಪಟ್ಟಿ, ದಿನವೂ ವ್ಯಾಯಾಮ, ಎಣ್ಣೆ ತಿಕ್ಕುವುದು. ನಡುವೆ ಒಂದು ಮೂಲೆಯಲ್ಲಿ ಚರ್ಮ ಸರಿಯಾಗಿ ಹಿಡಿಯದೆ ನಮಗೆಲ್ಲ ಭಯವಾಗಿತ್ತು. ಶರಣಮ್ಮನಿಗೆ ತಂಬಾಕಿನ ಅಭ್ಯಾಸವೇ ಇರಲಿಲ್ಲ, ಬಸವರಾಜ ಬಿಟ್ಟ. ಅವನು ಬಿಡುವ ಅಗತ್ಯ ಏನೂ ಇರಲಿಲ್ಲ. ಡಾಕ್ಟರು ಅಷ್ಟು ಸಿಟ್ಟಿನಿಂದ ಹೇಳಿದ ಮೇಲೆ ಮನೆಯಲ್ಲಿ ಒಬ್ಬರಾದರೂ ಬಿಡಬೇಕಲ್ಲ ಅಂದ.

ಪಟ್ಟಿ ಪೂರ್ತಿ ತೆಗೆಯುವ ದಿನ ಇಬ್ಬರೂ ಬಂದರು. ಒಳಗೆ ಸರ್ ನೋಡಿ ಆದ ಮೇಲೆ ಶರಣಮ್ಮ ಹೊರಕೋಣೆಗೆ ಬಂದಳು. ಕುತ್ತಿಗೆಯಲ್ಲಿ ಕಸಿಯ ಗುರುತು ಇತ್ತು, ಕೆನ್ನೆ ಮೊದಲಿನಂತೆಯೇ ಇತ್ತು. ಬಸವರಾಜ ನಿಂತಿದ್ದ. ಅವಳು ಅವನ ಎದುರಿಗೆ ಬಂದು ನಿಂತು, ಹೊಸದಾಗಿ ಸಿಕ್ಕಿದ ವಸ್ತುವನ್ನು ಎಚ್ಚರಿಕೆಯಿಂದ ಎತ್ತುವ ಹಾಗೆ, ಮೆಲ್ಲಗೆ ತಲೆ ಎತ್ತಿದಳು. ಗುಂಡಿ ದಾಟಿ, ಗಂಟಲು ದಾಟಿ, ಮುಖದ ಮೇಲೆ ಕಣ್ಣು ನಿಲ್ಲಿಸಿದಳು. ಅವನು ನಾಚಿ, ಎಲ್ಲಿ ನೋಡುವುದೆಂದು ತಿಳಿಯದೆ, ಫ್ಯಾನು ನೋಡಿದ.

"ಏನ ಅಷ್ಟು ನೋಡ್ಲಾಕತ್ತಿ?" ಅಂದ.

"ಮೂಗಿನ್ಯಾಗ ಕೂದ್ಲ ಬಂದಾವ ನಿಮಗ" ಅಂದಳು ಶರಣಮ್ಮ.

ಬಸವರಾಜ ಥಟ್ಟನೆ ಮೂಗಿಗೆ ಕೈ ಅಡ್ಡ ಹಿಡಿದ. ಬೆಂಚು ಗೊಳ್ಳೆಂದು ನಕ್ಕಿತು. ಒಳಗಿನಿಂದ ಸರ್, ಹೊರಗೆ ಏನದು ಗಲಾಟೆ ಎಂದು ಕೇಳಿದರು. ನಾನು ಕಡತವನ್ನು ಮುಖಕ್ಕೆ ಅಡ್ಡ ಹಿಡಿದು ನಗುತ್ತಿದ್ದೆ.

ಇಬ್ಬರೂ ಹೊರಟರು. ಕೆನ್ನೆಯ ಮಾತನ್ನು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ನಾನು ಮೆಟ್ಟಿಲಿನವರೆಗೆ ಹೋದೆ. ಶರಣಮ್ಮ ಮೆಟ್ಟಿಲಿಳಿಯುವಾಗಲೂ ಮೇಲೆಯೇ ನೋಡುತ್ತಿದ್ದಳು. ಮಾಳಿಗೆ, ಬಲ್ಬು, ವಯರು, ಮೂಲೆಯ ಜೇಡರ ಬಲೆ ಒಂದನ್ನೂ ಬಿಡಲಿಲ್ಲ. ಎರಡು ಸಲ ಎಡವಿದಳು. ಬಸವರಾಜ ಗಬಕ್ಕನೆ ಕೈ ಹಿಡಿದುಕೊಂಡು, "ಕೆಳಗ ನೋಡಿ ನಡಿ!" ಎಂದು ಗದರಿದ.

"ನಾಕ ವರ್ಷ ನೋಡೀನಿ" ಅಂದಳು ಅವಳು. "ಈಗ ನೀವು ನೋಡ್ರಿ."